ಕುದುರೆಮುಖ: ಗಣಿ ನಿಂತಿತು, ಬಾಧೆ ನಿಂತಿಲ್ಲ

ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ನೆಲೆಸಿರುವ ಕನ್ನಡಿಗರ ಮನೆಯ ನಲ್ಲಿಗೂ ಮಲೆನಾಡಿನ ಒಂದು ಬೆಟ್ಟಸಾಲಿಗೂ ಸಂಬಂಧವಿದೆ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಕುದುರೆಮುಖ ಶ್ರೇಣಿಯ ಗಂಗಾಮೂಲವು ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆನಿಸಿ, ಮುಂದೆ ಕೃಷ್ಣೆಯಲ್ಲಿ ಬೆರೆಯುತ್ತವೆ. ಆ ಕೃಷ್ಣೆಯ ನೀರನ್ನೇ ನಾಗಾರ್ಜುನಸಾಗರದಿಂದ ಹೈದರಾಬಾದಿಗೂ, ತೆಲುಗುಗಂಗಾ ಕಾಲುವೆಯ ಮೂಲಕ ಚೆನ್ನೈಗೂ ತರಲಾಗಿದೆ. ಆದುದರಿಂದ ಈ ಬೆಟ್ಟಗಳ ಕ್ಷೇಮವು ಊರಿನಲ್ಲಿರುವವರ ಚಿಂತೆ ಮಾತ್ರವಲ್ಲ, ನಮ್ಮದೂ ಹೌದು.

ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಬ್ಬಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. 1987ರಲ್ಲಿ ಇದಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ದೊರೆಯಿತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆಯು ಇದಕ್ಕೆ ಬಲವಾದ ಆಧಾರವಾಯಿತು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಇದೂ ಒಂದು.

ಇಲ್ಲಿನ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಲಲ್ಲಿ ಶೋಲಾ ಎಂಬ ದಟ್ಟ ಹಸಿರು ಕಾಡು. ಮುಂಗಾರಿನ ನಾಲ್ಕು ತಿಂಗಳಲ್ಲಿ ಸುರಿಯುವ ಭಾರೀ ಮಳೆಯ ಹೊಡೆತವನ್ನು ಹುಲ್ಲು ತಡೆಯುತ್ತದೆ; ಬೇರು ಮತ್ತು ತರಗೆಲೆಗಳ ಮಣ್ಣು ನೀರನ್ನು ಹೀರಿಕೊಂಡು, ಬೇಸಿಗೆಯಲ್ಲೂ ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಟ್ಟುಕೊಡುತ್ತದೆ. ಈ ಹೊದಿಕೆ ಹರಿದರೆ ಮಳೆಗಾಲದಲ್ಲಿ ಕೆಸರಿನ ಪ್ರವಾಹ, ಬೇಸಿಗೆಯಲ್ಲಿ ಬತ್ತಿದ ಹಳ್ಳ ಎರಡೂ ತಪ್ಪಿದ್ದಲ್ಲ.

ಹೊದಿಕೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹರಿದದ್ದು ಕಬ್ಬಿಣದ ಗಣಿ. ಇರಾನಿಗೆ ಅದಿರು ಪೂರೈಸುವ ಒಪ್ಪಂದದ ಮೇರೆಗೆ 1976ರಲ್ಲಿ ಕೇಂದ್ರ ಸರಕಾರದ ಕಂಪನಿಯೊಂದು ಸ್ಥಾಪನೆಯಾಯಿತು. 1979ರ ಕ್ರಾಂತಿಯ ಅನಂತರ ಇರಾನ್ ಹಿಂದೆ ಸರಿದರೂ ಗಣಿ ಮುಂದುವರಿಯಿತು. ಪುಡಿಮಾಡಿದ ಅದಿರು ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಲಾಯಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಸೇರುತ್ತಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2002ರ ಅಕ್ಟೋಬರಿನಲ್ಲಿ ತೀರ್ಪು ಅವರ ಪರವಾಗಿ ಬಂದಿತು. 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ಕೊನೆಗೊಂಡಿತು. ಗಣಿಯನ್ನೇ ನಂಬಿದ್ದ ಕುಟುಂಬಗಳು ಊರು ಬಿಟ್ಟದ್ದು ಈ ಗೆಲುವಿನ ಇನ್ನೊಂದು ಮುಖ, ಅದನ್ನು ಮರೆಯುವಂತಿಲ್ಲ.

ಗಣಿಯೊಂದಿಗೆ ಅಪಾಯವೂ ಹೋಯಿತೆಂದು ನಂಬಿದವರು ಅನೇಕರು. ವಾಸ್ತವವಾಗಿ ಅಪಾಯದ ಸ್ವರೂಪ ಮಾತ್ರ ಬದಲಾಗಿದೆ. ಒಂದು ದೊಡ್ಡ ಕಂಪನಿಯನ್ನು ನ್ಯಾಯಾಲಯದ ಕಟಕಟೆಗೆ ತರಬಹುದು. ಸಾವಿರಾರು ಜನರ ಸಣ್ಣಸಣ್ಣ ತಪ್ಪುಗಳನ್ನು ತರಲಾಗದು.

ಮೊದಲನೆಯದು ಬೆಂಕಿ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಹುಲ್ಲು ಒಣಗಿರುತ್ತದೆ. ಹೊಸ ಹುಲ್ಲು ಬರಲೆಂದು ಹಚ್ಚಿದ ಕಿಡಿ, ಬೇಟೆಗಾರರ ಬೆಂಕಿ, ದಾರಿಹೋಕನೊಬ್ಬ ಎಸೆದ ಬೀಡಿಯ ತುಂಡು, ಯಾವುದಾದರೂ ಸಾಕು. ಹುಲ್ಲು ಮತ್ತೆ ಚಿಗುರುತ್ತದೆ. ಆದರೆ ಶೋಲಾದ ಅಂಚಿನ ಎಳೆಯ ಸಸಿಗಳು ಸುಟ್ಟುಹೋಗಿ, ಬೆಂಕಿ ಮರುಕಳಿಸಿದಂತೆಲ್ಲ ಕಾಡು ಒಳಕ್ಕೆ ಸರಿಯುತ್ತದೆ.

ಎರಡನೆಯದು ರಸ್ತೆ. ಕಾರ್ಕಳದಿಂದ ಶೃಂಗೇರಿಗೂ, ಕುದುರೆಮುಖ ಮಾರ್ಗವಾಗಿ ಕಳಸ, ಹೊರನಾಡುಗಳಿಗೂ ಹೋಗುವ ಹಾದಿಗಳು ಉದ್ಯಾನದೊಳಗೇ ಸಾಗುತ್ತವೆ. ಸಿಂಗಳೀಕ ಮರದಿಂದ ಮರಕ್ಕೆ ಹಾಯುತ್ತಾ ಬದುಕುವ ಪ್ರಾಣಿ. ರಸ್ತೆ ಅಗಲವಾದಂತೆ ಕೊಂಬೆಗಳ ಸೇತುವೆ ಕಡಿದು, ಅದರ ಗುಂಪುಗಳು ಒಂದರಿಂದೊಂದು ಬೇರೆಯಾಗುತ್ತವೆ. ವೇಗದ ವಾಹನಗಳ ಚಕ್ರಕ್ಕೆ ಹಾವು, ಕಪ್ಪೆ, ಪುನುಗಿನಂಥ ಜೀವಿಗಳು ಬಲಿಯಾಗುತ್ತವೆ.

ಮೂರನೆಯದು ಪ್ರವಾಸಿಗರ ದಟ್ಟಣೆ. ರಜೆಯ ದಿನಗಳಲ್ಲಿ ಶಿಖರಗಳ ಕಾಲುದಾರಿಗಳು ಜಾತ್ರೆಯಂತಾದಾಗ ಹುಲ್ಲು ತುಳಿತಕ್ಕೆ ಸಿಕ್ಕಿ ಮಣ್ಣು ಸಡಿಲವಾಗುತ್ತದೆ. ಮುಂದಿನ ಮಳೆಗೆ ಅದು ಕೊರಕಲು. ಪುಷ್ಪಗಿರಿಯ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಪ್ರಸಂಗದ ಬಳಿಕ, 2024ರಲ್ಲಿ ಕರ್ನಾಟಕ ಸರಕಾರ ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಲು ಮುಂದಾದದ್ದು ಸ್ವಾಗತಾರ್ಹ.

ಮಾನವ ಬಾಧೆ ಎಂದೊಡನೆ ಕಾಡಿನೊಳಗಿನ ಮನೆಗಳತ್ತ ಬೆರಳು ತೋರುವುದು ಸುಲಭ. ಮಲೆಕುಡಿಯರೇ ಮೊದಲಾದವರು ಉದ್ಯಾನ ಘೋಷಣೆಗೆ ಬಹು ಮೊದಲೇ ಅಲ್ಲಿದ್ದವರು. 2006ರ ಅರಣ್ಯ ಹಕ್ಕು ಕಾಯಿದೆ ಅಂಥವರ ಹಕ್ಕನ್ನು ಮನ್ನಿಸಿದೆ. ಶಾಲೆ, ಆಸ್ಪತ್ರೆಗಳ ದೂರವನ್ನು ನೆನೆದು ಸ್ವಇಚ್ಛೆಯಿಂದ ಹೊರಬರುವವರಿಗೆ ಭೂಮಿ ಮತ್ತು ಪರಿಹಾರಗಳು ವಿಳಂಬವಿಲ್ಲದೆ ದೊರೆಯಬೇಕು. ಉಳಿಯುವವರನ್ನು ಅಪರಾಧಿಗಳಂತೆ ಕಾಣಬಾರದು. ಬೆಂಕಿ ನಂದಿಸಲು ಮೊದಲು ಓಡಿಬರಬಲ್ಲವರು ಅವರೇ ಎಂಬುದನ್ನು ಇಲಾಖೆಯೂ ಅರಿತಿರಬೇಕು.

ಹೊರನಾಡಿನ ಕನ್ನಡಿಗರಾದ ನಾವು ಮಾಡಬಹುದಾದದ್ದೂ ಉಂಟು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದು ನಮ್ಮಲ್ಲಿ ಅನೇಕರು ಇದೇ ದಾರಿಯಲ್ಲಿ ಸಾಗುತ್ತೇವೆ. ಘಟ್ಟದಲ್ಲಿ ವಾಹನ ನಿಧಾನವಾಗಿರಲಿ. ನಡುಗಾಡಿನಲ್ಲಿ ನಿಲ್ಲಿಸಿ ಊಟದ ಪೊಟ್ಟಣ ಬಿಚ್ಚುವುದು ಬೇಡ. ಮಂಗಗಳಿಗೆ ತಿಂಡಿ ಎಸೆಯುವುದು ಪುಣ್ಯವಲ್ಲ, ಅವನ್ನು ಚಕ್ರದಡಿಗೆ ಕರೆದಂತೆ. ಪ್ಲಾಸ್ಟಿಕ್ ಬಾಟಲಿಗಳು ಹೋದ ವಾಹನದಲ್ಲೇ ಹಿಂದಿರುಗಲಿ. ಕಾನೂನು ಗಣಿಯನ್ನು ನಿಲ್ಲಿಸಿತು. ನಮ್ಮ ಕೈಯಿಂದಾಗುವ ಬಾಧೆಯನ್ನು ನಾವೇ ನಿಲ್ಲಿಸಬೇಕು.