ಸುಂಕದಕಟ್ಟೆಯಲ್ಲಿ ಕಾಣುವ ಕಲ್ಯಾಣ ಕರ್ನಾಟಕ

ಬೆಂಗಳೂರಿನ ಸುಂಕದಕಟ್ಟೆಯ ಶೀಟಿನ ಮನೆಗಳ ವಠಾರಗಳಲ್ಲಿ ಸಂಜೆ ರೊಟ್ಟಿ ತಟ್ಟುವ ಸದ್ದಿನ ಜೊತೆ ಕಲ್ಯಾಣ ಕರ್ನಾಟಕದ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಮಾತು ಕೇಳಿಸುತ್ತದೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಗಂಟುಮೂಟೆ ಕಟ್ಟಿಕೊಂಡು ಬಂದವರು ಗಾರೆ ಕೆಲಸ, ಗಾರ್ಮೆಂಟ್ಸು, ಪೀಣ್ಯದ ಕಾರ್ಖಾನೆ ಎಂದು ಸಿಕ್ಕಿದ್ದನ್ನು ಹಿಡಿದಿದ್ದಾರೆ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ನಾಲ್ಕು ಪಟ್ಟಿಗೂ ಹೆಚ್ಚು. ಇಷ್ಟು ಅಂತರವಿರುವ ನಾಡು ಒಂದಾಗಿ ಉಳಿದೀತೇ? ಬರೀ ಬಡತನಕ್ಕೆ ನಾಡು ಒಡೆಯುವುದಿಲ್ಲ. ಹಿಂದುಳಿದವರಿಗೆ ಕೊಟ್ಟ ಮಾತು ತಪ್ಪಿದಾಗ, ಲೆಕ್ಕ ಕೇಳುವ ದಾರಿಯೂ ಮುಚ್ಚಿದಾಗ ಒಡೆಯುತ್ತದೆ ಎಂಬುದು ನನ್ನ ವಾದ. ಇಂದು ಬಾಂಗ್ಲಾದೇಶವಾಗಿರುವ ಪೂರ್ವ ಪಾಕಿಸ್ತಾನವನ್ನೇ ನೋಡಿ: ಅಲ್ಲಿನ ಸೆಣಬು ವಿದೇಶಿ ಹಣ ತಂದರೂ ಸೈನ್ಯ, ಬಂಡವಾಳ, ಅಧಿಕಾರ ಪಶ್ಚಿಮದಲ್ಲೇ ಉಳಿದವು. ಆದರೂ ಅಲ್ಲಿನವರು 1970ರ ಡಿಸೆಂಬರ್‌ನಲ್ಲಿ ಮತ ಹಾಕಿದರು, ಅವಾಮಿ ಲೀಗ್‌ಗೆ ಬಹುಮತ ಬಂತು. ಗೆದ್ದವರಿಗೆ ಅಧಿಕಾರ ಕೊಡುವ ಬದಲು 1971ರ ಮಾರ್ಚ್‌ನಲ್ಲಿ ಸೈನ್ಯ ನುಗ್ಗಿಸಿದ ಮೇಲೆ ದೇಶ ಎರಡಾಯಿತು.

ನಮ್ಮಲ್ಲಿನ ಅಂತರಕ್ಕೂ ಬೇರು ಆಳದಲ್ಲಿದೆ. ಮೈಸೂರು ಸಂಸ್ಥಾನಕ್ಕೆ 1902ರಲ್ಲಿ ಶಿವನಸಮುದ್ರದ ವಿದ್ಯುತ್, 1916ರಲ್ಲಿ ವಿಶ್ವವಿದ್ಯಾಲಯ ಬಂದವು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಗೆ ವಿಶ್ವವಿದ್ಯಾಲಯ ದಕ್ಕಿದ್ದು ಏಕೀಕರಣವಾಗಿ 24 ವರ್ಷದ ಮೇಲೆ, 1980ರಲ್ಲಿ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ದಕ್ಷಿಣದಲ್ಲೂ ಅಂಥವು 13 ಇದ್ದವು. ಹಾಗಾಗಿ ಇದನ್ನು ಉತ್ತರ-ದಕ್ಷಿಣದ ಜಗಳವೆಂದಷ್ಟೇ ನೋಡುವುದು ತಪ್ಪು.

ವೀರೇಂದ್ರ ಪಾಟೀಲ, ಧರ್ಮಸಿಂಗ್ ಕಲಬುರಗಿ ಭಾಗದಿಂದಲೇ ಮುಖ್ಯಮಂತ್ರಿಗಳಾದರಲ್ಲ, ಹೊಣೆ ಅಲ್ಲಿನ ನಾಯಕರದ್ದಲ್ಲವೇ ಎನ್ನುತ್ತಾರೆ. ನಾಯಕರ ಪಾಲು ಇದ್ದೇ ಇದೆ. ಆದರೆ ಶಾಲೆ, ನೀರಾವರಿ, ನೇಮಕಾತಿಗಳಲ್ಲಿ ದಶಕಗಳಿಂದ ಉಳಿದ ಬಾಕಿ ಕುರ್ಚಿಯಲ್ಲಿ ಯಾರು ಕೂತರು ಎಂಬುದರಿಂದಷ್ಟೇ ತೀರುವುದಿಲ್ಲ. ಕನ್ನಡವೇ ನಮ್ಮನ್ನು ಹಿಡಿದಿಟ್ಟಿದೆ ಎಂಬುದು ಇನ್ನೊಂದು ಮಾತು. ಅದು ದೊಡ್ಡ ಬಲ, ನಿಜ. ಆದರೆ ತೆಲಂಗಾಣ ನೋಡಿ: ಅದೇ ನಿಜಾಮರ ಸೀಮೆ, ಆಂಧ್ರದ್ದೇ ತೆಲುಗು. ಆಂಧ್ರದೊಂದಿಗೆ ಸೇರುವಾಗ ಮಾಡಿಕೊಂಡ 1956ರ ಒಪ್ಪಂದದ ಭರವಸೆಗಳು ಈಡೇರಲಿಲ್ಲವೆಂಬ ಸಿಟ್ಟು, ನೀರು, ಹಣ, ನೌಕರಿಯ ದೂರು ಬೆಳೆದು 2014ರ ಜೂನ್ 2ರಂದು ಬೇರೆ ರಾಜ್ಯವೇ ಆಯಿತು. ಸಂಸತ್ತಿನ ಬಾಗಿಲು ತೆರೆದಿದ್ದರಿಂದ ಅದು ಕಾನೂನಿನ ದಾರಿಯಲ್ಲೇ ಮುಗಿಯಿತು.

ಕಲ್ಯಾಣ ಕರ್ನಾಟಕಕ್ಕೆ ದೀರ್ಘ ಹೋರಾಟದ ನಂತರ ಸಂವಿಧಾನದ 371(ಜೆ) ವಿಧಿ ಸಿಕ್ಕಿದೆ. ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದಿವೆ. ಈ ಮಾತು ಉಳಿಯಬೇಕಾದರೆ, ಸುಂಕದಕಟ್ಟೆಗೆ ಬಂದವರ ಊರಿನ ಶಾಲೆಗೆ ಗಣಿತದ ಮೇಷ್ಟ್ರು ಬಂದರೇ, ಮಂಡಳಿಗೆ ಕೊಟ್ಟ ಹಣ ಯಾವ ತಾಲ್ಲೂಕಿನಲ್ಲಿ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಸರ್ಕಾರ ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು.