ವಾಕಿಟಾಕಿ ಎಲ್ಲರ ಕೈಯಾಗ, ಚಾನಲ್ ಬ್ಯಾರೆ ಬ್ಯಾರೆ

2019ರ ಆಗಸ್ಟ್ ನೆನಪದ ಅಲ್ರೀ? ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತ್ತು. ನಮ್ಮ ಕೆರೂರ ಹೊಳಿಯಿಂದ ದೂರ. ಆದರೆ ಬಾದಾಮಿ, ಹುನಗುಂದ ಕಡೆ ಹೊಳಿದಂಡಿ ಊರುಗಳಿಗೆ ನೀರು ನುಗ್ಗಿತ್ತು. ಉತ್ತರ ಕರ್ನಾಟಕದ ಆ ಪ್ರವಾಹದಲ್ಲಿ ಪೊಲೀಸ್, ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್, ಸೇನೆ ಎಲ್ಲರೂ ಇಳಿದಿದ್ದರು. ಇಷ್ಟು ಮಂದಿ ಒಬ್ಬರಿಗೊಬ್ಬರು ಮಾತಾಡೋದು ಹೆಂಗ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊಬೈಲ್ ನಂಬಂಗಿಲ್ಲ. ಕರೆಂಟ್ ಹೋದ ಮೇಲೆ ಟವರ್ ನಡೆಯೋದು ಬ್ಯಾಟರಿ, ಡೀಸೆಲ್ ಇರುವ ತನಕ. ವಾಕಿಟಾಕಿಗೆ ಟವರ್ ಬೇಕಿಲ್ಲ, ಸೆಟ್‌ನಿಂದ ಸೆಟ್‌ಗೆ ನೇರ. ಬಯಲಲ್ಲಿ ಕೆಲವು ಕಿಲೋಮೀಟರ್ ಹೋಗುತ್ತದೆ. ಬಾದಾಮಿಯಂಥ ಗುಡ್ಡದ ಸೀಮೆಯಲ್ಲಿ ಬಂಡೆ ಅಡ್ಡ ಬಂದರೆ ದನಿ ಮುಟ್ಟೋದು ಕಷ್ಟ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ: ಕೇಳಿದ್ದನ್ನು ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಮತ್ತೆ ಜೋರಾಗಿ ಕಳಿಸುವ ಪೆಟ್ಟಿಗೆ.

ಖರೆ ತೊಡಕು ಬೇರೆನೇ ಅದ. ಒಂದೊಂದು ಇಲಾಖೆಗೆ ಒಂದೊಂದು ಫ್ರೀಕ್ವೆನ್ಸಿ. ಒಬ್ಬರದು ಅನಲಾಗ್ ಇದ್ದರೆ ಇನ್ನೊಬ್ಬರದು ಡಿಜಿಟಲ್. ಸೇನೆಯವರ ಮಾತು ಹೊರಗಿನವರಿಗೆ ಕೇಳಲೇಬಾರದು. ಹಂಗಾಗಿ ದೋಣಿಯಲ್ಲಿದ್ದವರು, ದಂಡಿಯ ಮೇಲಿದ್ದವರು ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ಸೆಟ್‌ನಲ್ಲಿ ದನಿ ಬರದೇ ಹೋಗಬಹುದು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಇದೇ ಆಯಿತು. ಗೋಪುರ ಕುಸಿಯುವ ಲಕ್ಷಣ ಕಂಡ ಪೊಲೀಸ್ ಹೆಲಿಕಾಪ್ಟರ್‌ನವರು ತಮ್ಮ ರೇಡಿಯೊದಲ್ಲಿ ಎಚ್ಚರಿಸಿದರು. ಆ ಮಾತು ಅಗ್ನಿಶಾಮಕದವರ ಸೆಟ್‌ಗೆ ಬರುವಂತಿರಲಿಲ್ಲ. ಆ ದಿನ ಅವರಲ್ಲಿ 343 ಜನ ಸತ್ತರು. ಎಲ್ಲ ಸಾವಿಗೂ ರೇಡಿಯೊನೇ ಕಾರಣ ಅನ್ನಂಗಿಲ್ಲ, ಆದರೆ ತನಿಖಾ ಆಯೋಗದ ವರದಿಯಲ್ಲಿ ಈ ಕೊರತೆ ದಾಖಲಾಗಿದೆ.

ದಾರಿ ಇದಾವ. ಬೇರೆ ಬೇರೆ ರೇಡಿಯೊಗಳನ್ನು ಬೆಸೆಯುವ ಗೇಟ್‌ವೇ ಯಂತ್ರ ಸಿಗುತ್ತದೆ. ಎಲ್ಲರಿಗೂ ಒಂದು ಸಾಮಾನ್ಯ ಚಾನಲ್ ಮೊದಲೇ ಗೊತ್ತು ಮಾಡಬಹುದು. ಎಲ್ಲಕ್ಕಿಂತ ಅಗ್ಗದ್ದು ಅಂದ್ರ ಎಲ್ಲ ಇಲಾಖೆಯ ಆಪರೇಟರ್‌ಗಳು ಕಂಟ್ರೋಲ್ ರೂಮಿನ ಒಂದೇ ಟೇಬಲ್‌ಗೆ ಕೂಡೋದು. ಬಿ.ಕಾಂ. ಓದಿದ ನನ್ನ ಲೆಕ್ಕ ಇಷ್ಟು: ಸೆಟ್ ಖರೀದಿಗೆ ಟೆಂಡರ್ ಕರೀತಾರ, ಕೂಡಿ ತಾಲೀಮು ಮಾಡೋದಕ್ಕ ಟೆಂಡರ್ ಇಲ್ಲ, ಅದಕ್ಕೇ ಅದು ಹಿಂದ ಬೀಳ್ತದ.

ಇನ್ನ ನಿಮ್ಮ ಪಾಲು. ನೀವು 112 ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಹೇಳಿದ್ದು ಎರಡು-ಮೂರು ಬಾಯಿ ದಾಟಿ ದೋಣಿಗೆ ಮುಟ್ಟುತ್ತದೆ. ಒಂದು ಚಾನಲ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡೋದು, ಅದಕ್ಕೇ ಸಣ್ಣದಾಗಿ ಹೇಳ್ರಿ: ಊರು, ತಾಲ್ಲೂಕು, ಹತ್ತಿರದ ಸಾಲಿ ಅಥವಾ ಗುಡಿಯ ಹೆಸರು, ಎಷ್ಟು ಮಂದಿ, ಅವರಲ್ಲಿ ಬಸುರಿ ಅಥವಾ ಆರಾಮ ಇಲ್ಲದವರು ಎಷ್ಟು. ಬರೇ ‘ಅಗಸಿ ಹತ್ರ’ ಅಂದ್ರ, ಹೊರಗಿನಿಂದ ಬಂದ ದೋಣಿಯವರಿಗೆ ಯಾವ ಅಗಸಿ ಗೊತ್ತಾಗಬೇಕ್ರೀ?