ವೆಬ್ ಎಪಿಐಗಳಲ್ಲಿ ದೋಷ ವರದಿ

ವೆಬ್ ಎಪಿಐಯ ದೋಷ ವರದಿ ಎಂದರೆ ಕ್ಲೈಂಟ್ ತಂತ್ರಾಂಶವು ಕಳುಹಿಸಿದ ಕೋರಿಕೆಯನ್ನು ಪೂರೈಸಲಾಗದಿದ್ದಾಗ ಸರ್ವರ್ ಅದರ ಕಾರಣವನ್ನು ತಿಳಿಸುವ ಕ್ರಮ. ಈ ವರದಿಯು ಮುಂದೇನು ಮಾಡಬೇಕೆಂದು ನಿರ್ಧರಿಸುವ ತಂತ್ರಾಂಶಕ್ಕೂ ಅದನ್ನು ಬಳಸುತ್ತಿರುವ ವ್ಯಕ್ತಿಗೂ ಉಪಯೋಗವಾಗಬೇಕು. ಆದ್ದರಿಂದ ತಂತ್ರಾಂಶಕ್ಕಾಗಿ ಬದಲಾಗದ ಸಂಕೇತವನ್ನೂ ಬಳಕೆದಾರರಿಗಾಗಿ ವಿವರಣೆಯನ್ನೂ ಪ್ರತ್ಯೇಕವಾಗಿ ನೀಡುವುದು ರೂಢಿ.

ಸ್ಥಿತಿ ಸಂಕೇತಗಳು

ಪ್ರತಿಯೊಂದು ಎಚ್‌ಟಿಟಿಪಿ ಉತ್ತರದಲ್ಲೂ ಮೂರು ಅಂಕಿಗಳ ಸ್ಥಿತಿ ಸಂಕೇತವಿರುತ್ತದೆ. 2ರಿಂದ ಆರಂಭವಾಗುವ ಸಂಕೇತಗಳು ಯಶಸ್ಸನ್ನು, 4ರಿಂದ ಆರಂಭವಾಗುವವು ಕ್ಲೈಂಟ್‌ನ ಕಡೆಯ ದೋಷವನ್ನು, 5ರಿಂದ ಆರಂಭವಾಗುವವು ಸರ್ವರ್‌ನ ವೈಫಲ್ಯವನ್ನು ಸೂಚಿಸುತ್ತವೆ. 400 ಬಂದಾಗ ಕೋರಿಕೆಯನ್ನು ತಿದ್ದದೆ ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. 429 (ಮಿತಿಮೀರಿದ ಕೋರಿಕೆಗಳು) ಅಥವಾ 503 (ಸೇವೆ ತಾತ್ಕಾಲಿಕವಾಗಿ ಅಲಭ್ಯ) ಬಂದಾಗ ಸ್ವಲ್ಪ ಕಾಲ ಕಾದು ಮತ್ತೆ ಪ್ರಯತ್ನಿಸಬಹುದು. ಎಷ್ಟು ಕಾಲ ಕಾಯಬೇಕೆಂಬುದನ್ನು ‘ರಿಟ್ರೈ-ಆಫ್ಟರ್’ ಹೆಡರ್ ತಿಳಿಸಬಲ್ಲದು.

ದೋಷದ ವಿವರ

ಸ್ಥಿತಿ ಸಂಕೇತವೊಂದರಿಂದಲೇ ದೋಷದ ನಿಖರ ಕಾರಣ ತಿಳಿಯುವುದಿಲ್ಲ. ವಿವರಗಳನ್ನು ಜೇಸನ್ ರೂಪದಲ್ಲಿ ನೀಡಲು 2016ರಲ್ಲಿ ಆರ್‌ಎಫ್‌ಸಿ 7807 ಎಂಬ ಮಾನಕ ಪ್ರಕಟವಾಯಿತು. 2023ರಲ್ಲಿ ಆರ್‌ಎಫ್‌ಸಿ 9457 ಅದರ ಸ್ಥಾನಕ್ಕೆ ಬಂದಿತು. ದೋಷದ ಬಗೆ, ಶೀರ್ಷಿಕೆ, ಸ್ಥಿತಿ ಸಂಕೇತ, ವಿವರಣೆ ಮತ್ತು ಆ ನಿರ್ದಿಷ್ಟ ಪ್ರಸಂಗದ ಗುರುತು ಇದರ ಮುಖ್ಯ ಅಂಶಗಳು. ಸರ್ವರ್‌ನ ಆಂತರಿಕ ರಚನೆಯನ್ನು ಬಯಲುಮಾಡುವ ಮಾಹಿತಿ ವಿವರಣೆಯಲ್ಲಿ ಇರಬಾರದು.

ಕನ್ನಡ ವಿಕಿಪೀಡಿಯದ ಉದಾಹರಣೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಮೀಡಿಯಾವಿಕಿ ತಂತ್ರಾಂಶವನ್ನು ಬಳಸುತ್ತದೆ. ಮೈಸೂರಿನ ಬಡಾವಣೆಯೊಂದರ ಪುಟ ‘ಮಂಡಿ ಮೊಹಲ್ಲಾ’ ಎಂಬ ಶೀರ್ಷಿಕೆಯಲ್ಲಿದ್ದು, ಕ್ಲೈಂಟ್ ‘ಮಂಡಿ ಮೊಹಲ್ಲ’ ಎಂದು ಕೋರಿತೆಂದು ಭಾವಿಸೋಣ. ಎರಡನೆಯ ಹೆಸರಿನಲ್ಲಿ ಪುಟವಾಗಲಿ ಪುನರ್ನಿರ್ದೇಶನವಾಗಲಿ ಇಲ್ಲದಿದ್ದರೆ, ಆಕ್ಷನ್ ಎಪಿಐಯ ‘ಪಾರ್ಸ್’ ಕ್ರಿಯೆಯು ‘ಮಿಸ್ಸಿಂಗ್‌ಟೈಟಲ್’ ಎಂಬ ದೋಷ ಸಂಕೇತವನ್ನು ನೀಡುತ್ತದೆ.

ಆದರೆ ಈ ಎಪಿಐಯಲ್ಲಿ ಇಂತಹ ದೋಷಗಳಿಗೂ ಸಾಮಾನ್ಯವಾಗಿ 200 ಸ್ಥಿತಿ ಸಂಕೇತವೇ ಬರುತ್ತದೆ. ದೋಷದ ಸುದ್ದಿ ಇರುವುದು ಉತ್ತರದ ಒಡಲಿನಲ್ಲಿ ಮತ್ತು ‘ಮೀಡಿಯಾವಿಕಿ-ಎಪಿಐ-ಎರರ್’ ಹೆಡರ್‌ನಲ್ಲಿ. ಹೀಗಾಗಿ 200 ಅನ್ನು ಮಾತ್ರ ನೋಡುವ ಕ್ಲೈಂಟ್, ತಿರಸ್ಕೃತವಾದ ಸಂಪಾದನೆಯನ್ನೂ ಉಳಿಸಲಾಗಿದೆ ಎಂದು ತೋರಿಸಿ, ಬರೆದವರ ಶ್ರಮ ಕಳೆದುಹೋಗುವಂತೆ ಮಾಡಬಹುದು. ನಂತರ ಬಂದ ಮೀಡಿಯಾವಿಕಿ ರೆಸ್ಟ್ ಎಪಿಐ, ಇಲ್ಲದ ಪುಟಕ್ಕೆ 404 ಅನ್ನೇ ಕಳುಹಿಸುತ್ತದೆ.

ಸಂದೇಶದ ಭಾಷೆ

ಆಕ್ಷನ್ ಎಪಿಐಯಲ್ಲಿ ‘ಎರರ್‌ಫಾರ್ಮ್ಯಾಟ್’ ಮತ್ತು ‘ಎರರ್‌ಲ್ಯಾಂಗ್’ ನಿಯತಾಂಕಗಳ ಮೂಲಕ, ಅನುವಾದ ಲಭ್ಯವಿರುವ ಸಂದೇಶಗಳನ್ನು ಕನ್ನಡದಲ್ಲಿ ಪಡೆಯಬಹುದು. ಸಂದೇಶದ ಭಾಷೆ ಬದಲಾದರೂ ದೋಷ ಸಂಕೇತ ಬದಲಾಗುವುದಿಲ್ಲ. ಆದ್ದರಿಂದ ಕ್ಲೈಂಟ್ ತನ್ನ ನಿರ್ಧಾರಗಳಿಗೆ ಸಂದೇಶದ ಪದಗಳನ್ನಲ್ಲ, ದೋಷ ಸಂಕೇತವನ್ನು ಆಧರಿಸಬೇಕು.